ಸೋಮವಾರದ ಅಂಗಿ

ಯಳಂದೂರು
14 ಜೂನ್ 2025

ಅಕ್ಕ,

ಅಕ್ಷರ ನೋಡಿದ ಕೂಡಲೇ ಯಾರದ್ದು ಅಂತ ಗೊತ್ತಾಗಿರುತ್ತದೆ. ಬಟ್ಟೆ ಮೇಲೆ ಗೆರೆ ನೆಟ್ಟಗೆ ಎಳೆಯುವವನಿಗೆ ಕಾಗದದ ಮೇಲೆ ಮಾತ್ರ ಸಾಲು ಯಾಕೆ ಸೊಟ್ಟಗಾಗುತ್ತದೆ ಅಂತ ನೀನೇ ಬೈಯುತ್ತಿದ್ದೆಯಲ್ಲ, ಅದೇ ಕೈ. ಹರಿದು ಒಲೆಗೆ ಹಾಕುವ ಮುಂಚೆ ಪೂರ್ತಿ ಓದು. ಫೋನು ಮಾಡೋಣ ಅಂದರೆ ನಿಮ್ಮ ಗೋಪಿನಾಥಂನಲ್ಲಿ ಸಿಗ್ನಲ್ ಸಿಗಬೇಕಾದರೆ ನೀನು ಬಂಡೆ ಹತ್ತಬೇಕು. ಹತ್ತಿದರೂ ಎರಡನೇ ಮಾತಿಗೆ ನಾವಿಬ್ಬರೂ ಜಗಳಕ್ಕೆ ಬೀಳುತ್ತೇವೆ. ಕಾಗದದಲ್ಲಾದರೆ ಒಬ್ಬರು ಮುಗಿಸುವವರೆಗೆ ಇನ್ನೊಬ್ಬರು ಬಾಯಿ ಹಾಕೋಕಾಗಲ್ಲ. ಅದಕ್ಕೇ ನಿಮ್ಮೂರ ಬಸ್ಸಿನ ಕಂಡಕ್ಟರ್ ರಂಗರಾಜು ಕೈಲಿ ಕೊಟ್ಟು ಕಳಿಸುತ್ತಿದ್ದೇನೆ.

ವಿಷಯ ಇಷ್ಟು. ನಮ್ಮ ಕುಸುಮಂಗೆ ಐದು ತುಂಬಿ ಆರಕ್ಕೆ ಬಿದ್ದಿದೆ. ನಿನಗೆ ನನಗಿಂತ ಮುಂಚೆಯೇ ಗೊತ್ತಿರುತ್ತದೆ. ನನಗೆ ತಿಳಿದದ್ದು ಹೋದ ವಾರ. ಅವಳ ಗಂಡ ದೇವರಾಜು ಭಾವ ಶಾಗ್ಯದಿಂದ ಇಲ್ಲಿಗೆ ಯಾರದೋ ಮದುವೆಗೆ ಬಂದವರು ಅಂಗಡಿ ಮುಂದೆ ಬೈಕ್ ನಿಲ್ಲಿಸಿ, ಇಳಿಯದೇನೇ, "ಅಕ್ಟೋಬರ್ ಮೊದ್ಲಿಗೆ ಡೇಟ್ ಕೊಟ್ಟವ್ರೆ, ಕೊಳ್ಳೇಗಾಲದ್ ಆಸ್ಪತ್ರೇಲೇ. ಈ ಸಲನಾದ್ರೂ ನೀವು ಬರ್ಬೇಕು ಕನ್ ಭಾವ" ಅಂದು ಹೋದರು. ನಾನು ಹೂಂ ಅಂದೆ. ಆಮೇಲೆ ಮಿಷನ್ ಮುಂದೆ ಕೂತರೆ ಸೂಜಿಗೆ ದಾರ ಪೋಣಿಸೋಕಾಗಲಿಲ್ಲ.

ಹೋದ ಸಲದ್ದು ನಿನಗೂ ನೆನಪಿದೆ, ನನಗೂ. ಕೂಸು ಹುಟ್ಟುವ ಮುಂಚೆ ಅದಕ್ಕೆ ಬಟ್ಟೆ ಹೊಲಿಯಬಾರದು, ತೊಟ್ಟಿಲು ತರಬಾರದು. ಹುಟ್ಟಿದ ಮೇಲೂ ಮೊದಲು ಸುತ್ತುವುದು ಯಾರಾದರೂ ಉಟ್ಟು ಬಿಟ್ಟ ಹಳೇ ಬಟ್ಟೆಯನ್ನೇ. ಇದೆಲ್ಲ ಗೊತ್ತಿದ್ದೂ, ತಂಗಿಯ ಚೊಚ್ಚಲು ಅನ್ನುವ ಹುರುಪಿನಲ್ಲಿ ನಾನು ಏಳು ಅಂಗಿ ಹೊಲಿದೆ. ವಾರಕ್ಕೆ ಏಳು, ಒಂದೊಂದಕ್ಕೆ ಒಂದೊಂದು ಬಣ್ಣದ ಅಂಚು. ದಿನಾ ಸಾಯಂಕಾಲ ಅವಳಿಗೆ ಫೋನು ಮಾಡಿ "ಇವತ್ ಬುಧ್ವಾರುದ್ದು ಮುಗೀತು ಕನವ್ವ, ಅಸ್ರು ಅಂಚು" ಅಂತ ಹೇಳುತ್ತಿದ್ದೆ. ಕೂಸು ಎಂಟನೇ ತಿಂಗಳಿಗೇ ಬಂತು. ಬೆಳಗ್ಗೆ ಹುಟ್ಟಿ ಮಧ್ಯಾಹ್ನ ಮೂರಕ್ಕೆ ಹೋಯಿತು. ಡಾಕ್ಟರು ಕೈಲಾದದ್ದೆಲ್ಲ ಮಾಡಿದರು. ನಾನು ಆ ಅಂಗಿಗಳ ಚೀಲ ಹಿಡಿದುಕೊಂಡು ವರಾಂಡದಲ್ಲಿ ನಿಂತಿದ್ದಾಗ ನೀನು ಬಂದು, ಎಲ್ಲರ ಎದುರಿಗೆ, "ಉಟ್ಟಾಕ್ ಮೊದ್ಲೇ ಕತ್ರಿ ಆಡ್ಸ್‌ಬುಟ್ಟಲ್ಲೋ. ಕೂಸ್ನ ನೀನೇ ಕಳ್ದೆ ಕಣ್ಲಾ" ಅಂದೆ. ಅಲ್ಲಿಂದ ಈಚೆಗೆ ಮೂರು ವರ್ಷ ನಾವಿಬ್ಬರು ಮಾತಾಡಿಲ್ಲ. ಕುಸುಮನ ಮುಂದೆಯೂ ನಾನು ಹೋಗಿ ನಿಂತಿಲ್ಲ.

ಈಗ ಜಗಳ ತೆಗೆಯೋಕೆ ಬರೆಯುತ್ತಿಲ್ಲ ಅಕ್ಕ. ಒಂದು ಕೇಳಬೇಕು. ಅಪ್ಪ ಅವ್ವ ಇಲ್ಲದ ಮೇಲೆ ತವರು ಅಂತ ಅವಳಿಗೆ ಉಳಿದಿರುವುದು ನಾವಿಬ್ಬರೇ. ಆಸ್ಪತ್ರೆಗೆ ಬರಿಗೈಲಿ ಹೋಗೋಕಾಗಲ್ಲ. ಏನು ತಗೊಂಡು ಹೋಗಲಿ? ಕೂಸಿಗೆ ಅಂತ ಒಂದೆಳೆ ನೂಲನ್ನೂ ನಾನು ಮುಟ್ಟಲಾರೆ. ಅವಳಿಗೇ ಏನಾದರೂ ಕೊಡಬೇಕು. ಬಾಯಿ ಬಿಟ್ಟು ಹೇಳಿಬಿಡುತ್ತೇನೆ: ದೇವರು ಈ ಸಲವೂ ಕಣ್ಣು ಮುಚ್ಚಿಕೊಂಡರೆ, ಆ ವಸ್ತುವನ್ನು ಮನೆಗೆ ತಗೊಂಡು ಹೋಗುವಾಗ ಅವಳಿಗೆ ಸಂಕಟ ಆಗಬಾರದು. ಹೋದ ಸಲ ಬೆಳಗ್ಗೆ ಸುದ್ದಿ ಕೇಳಿದ ಕೂಡಲೇ ಯಾರೋ ತಂದುಕೊಟ್ಟ ಗಿಲಕಿ, ಪುಟ್ಟ ಸೊಳ್ಳೆಪರದೆ ಸಾಯಂಕಾಲವೂ ಅವಳ ಮಂಚದ ಕೆಳಗೇ ಇದ್ದದ್ದನ್ನು ನಾನು ನೋಡಿದ್ದೇನೆ.

ನೀನು ಅಂಗನವಾಡಿ ಟೀಚರು. ವರ್ಷಕ್ಕೆ ಎಷ್ಟು ಬಾಣಂತಿಯರನ್ನು ನೋಡುತ್ತೀಯ. ನಿನಗೆ ಗೊತ್ತಿರಬೇಕು.

ಮನೆಯವಳು ಯಶೋದ ನಿನ್ನನ್ನು ಕೇಳಿದಳು ಅಂತ ಬರೆಯೋಕೆ ಹೇಳಿದಳು. ನಾವೂ ಮಿಷನ್ನೂ ಹೇಗೋ ಓಡುತ್ತಿದ್ದೇವೆ.

ನಿನ್ನ ತಮ್ಮ,
ಬಿಳಿಗಿರಿ


ಗೋಪಿನಾಥಂ
2 ಜುಲೈ 2025

ಬಿಳಿಗಿರಿ,

ಕಾಗದ ಬಂತು. ಒಲೆಗೆ ಹಾಕಲಿಲ್ಲ, ಈಗ ನಮ್ಮ ಮನೆಯಲ್ಲಿ ಗ್ಯಾಸು. ಐದು ಕಡೆ ಕಾಗುಣಿತ ತಪ್ಪಿದೆ. ಕೆಂಪು ಪೆನ್ನಿನಲ್ಲಿ ತಿದ್ದಿ ಇಟ್ಟಿದ್ದೇನೆ, ಸಿಕ್ಕಾಗ ತೋರಿಸುತ್ತೇನೆ.

ನಾನು ನೋಡಿದ್ದನ್ನು ಹೇಳುತ್ತೇನೆ ಕೇಳು. ಇಲ್ಲಿಂದ ಹೆಂಗಸರನ್ನು ಹೆರಿಗೆಗೆ ಕರೆದುಕೊಂಡು ಹೋಗಿ ಎರಡು ತಿಂಗಳಿಗೊಂದು ಸಲವಾದರೂ ನಾನು ಯಾವುದಾದರೂ ವಾರ್ಡಿನಲ್ಲಿ ಕೂತಿರುತ್ತೇನೆ. ನೋಡೋಕೆ ಬರುವವರೆಲ್ಲ ಒಂದೇ ಅಂಗಡಿಯಲ್ಲಿ ಮಾತಾಡಿಕೊಂಡು ಬಂದ ಹಾಗೆ ಒಂದು ಬ್ರೆಡ್ಡು, ಅರ್ಧ ಡಜನ್ ಕಿತ್ತಳೆ, ಒಂದು ಹಾರ್ಲಿಕ್ಸ್ ತರುತ್ತಾರೆ. ಬ್ರೆಡ್ಡನ್ನು ಜೊತೆಗಿರುವವರು ತಿನ್ನುತ್ತಾರೆ. ಕಿತ್ತಳೆ ಶೀತ ಅಂತ ಅತ್ತೆ ಎತ್ತಿಡುತ್ತಾಳೆ. ಹಾರ್ಲಿಕ್ಸ್ ಡಬ್ಬ ಮನೆಗೆ ಹೋಗಿ ಸಾಸಿವೆ ಡಬ್ಬ ಆಗುತ್ತದೆ. ಬಂದವರು ಕೂಸಿನ ಮೂಗು ಯಾರ ಥರ, ಬಣ್ಣ ಯಾರ ಥರ ಅಂತ ಅರ್ಧ ಗಂಟೆ ಮಾತಾಡಿ ಎದ್ದು ಹೋಗುತ್ತಾರೆ. ಹೆತ್ತವಳು ಗೋಡೆ ಕಡೆ ತಿರುಗಿ ಮಲಗಿರುತ್ತಾಳೆ. ಅವಳ ಮೂಗಿನ ವಿಚಾರ ಯಾರಿಗೂ ಬೇಡ.

ಹಾಗಾಗಿ ಅವಳಿಗೇ ಕೊಡಬೇಕು ಅಂದದ್ದು ಸರಿ. ಅಷ್ಟು ಬುದ್ಧಿ ಬಂದಿದೆಯಲ್ಲ, ಸಂತೋಷ. ಒಂದು ಒಳ್ಳೆಯ ಫ್ಲಾಸ್ಕ್ ಕೊಡು. ಬಿಸಿನೀರು ಯಾವಾಗಲೂ ಬೇಕು. ಕತ್ತರಿ ಮುಟ್ಟಿದ್ದು ಯಾವುದೂ ಬೇಡ.

ಆವತ್ತು ನಾನಂದ ಮಾತನ್ನು ಬರೆದಿದ್ದೀಯ. ಒಂದಕ್ಷರ ಬಿಡದೆ ನೆನಪಿಟ್ಟುಕೊಂಡಿದ್ದೀಯ. ಕಾಗದವನ್ನು ಮೂರು ಸಲ ಓದಿದೆ.

ಯಶೋದಂಗೆ ಚೆನ್ನಾಗಿದ್ದೇನೆ ಅಂತ ಹೇಳು.

ನಿನ್ನ ಅಕ್ಕ,
ಪುಟ್ಟಮಾದಮ್ಮ


ಯಳಂದೂರು
24 ಜುಲೈ 2025

ಅಕ್ಕ,

ಕೆಂಪು ಪೆನ್ನಿನ ವಿಚಾರ ಯಶೋದಂಗೆ ಓದಿ ಹೇಳಿದೆ. ಎರಡು ದಿನ ನಗುತ್ತಲೇ ಇದ್ದಳು.

ಫ್ಲಾಸ್ಕ್ ತಂದೆ. ತಂದ ಮೇಲೆ ಗೊತ್ತಾಯಿತು, ಕುಸುಮನ ಅತ್ತೆ ಚಿಕ್ಕನಿಂಗಮ್ಮ ಆಗಲೇ ಎರಡು ಲೀಟರಿಂದು ತಂದಿಟ್ಟಿದ್ದಾರಂತೆ. ನಾನು ತಂದದ್ದು ಈಗ ಅಂಗಡಿಯಲ್ಲಿದೆ, ಎದುರಿನ ಹೋಟೆಲಿನ ಟೀ ಅದರಲ್ಲಿ ಬರುತ್ತದೆ. ಆಮೇಲೆ ಒಂದು ಭಾನುವಾರ ಅಂಗಡಿ ಮುಚ್ಚಿ ಕೊಳ್ಳೇಗಾಲಕ್ಕೆ ಹೋದೆ. ಆಸ್ಪತ್ರೆ ನೆಲ ತಣ್ಣಗಿರುತ್ತದೆ, ಮೆತ್ತನೆ ಚಪ್ಪಲಿ ಕೊಡೋಣ ಅಂತ ಹೊರಟೆ. ಅಂಗಡಿಯವನು ಕಾಲಿನ ಸೈಜ್ ಕೇಳಿದ. ಅವಳ ತೋಳಿನ ಅಳತೆ, ಬೆನ್ನಿನ ಅಗಲ, ಕುತ್ತಿಗೆಯ ಸುತ್ತು ಎಲ್ಲ ಬಾಯಿಗೆ ಬರುತ್ತದೆ. ಕಾಲಿನ ಅಳತೆ ಗೊತ್ತಿಲ್ಲ. ಇಷ್ಟು ವರ್ಷದಲ್ಲಿ ತಂಗಿಯ ಕಾಲು ನೋಡಿಲ್ಲವಲ್ಲ ಅಂತ ಪೆಚ್ಚಾಗಿ ಎದ್ದು ಬಂದೆ.

ರೇಷ್ಮೆ ಸೀರೆ ಅಂಗಡಿಗೂ ಹೋದೆ. ಅಲ್ಲಿನ ಹುಡುಗಿ ಹನ್ನೆರಡು ಸೀರೆ ಹರವಿ, "ಯಾರ್ಗೆ ಸಾ, ಮದ್ವೆಗಾ?" ಅಂದಳು. ಆಸ್ಪತ್ರೆಯಲ್ಲಿ ಮಲಗಿರುವವಳಿಗೆ ಅಂದರೆ ನನ್ನ ತಲೆ ಸರಿಯಿಲ್ಲ ಅಂದುಕೊಂಡಾಳು ಅಂತ ಹೂಂ ಮದುವೆಗೇ ಅಂದುಬಿಟ್ಟೆ. ಪಕ್ಕದಂಗಡಿಯಲ್ಲಿ ಬಾಣಂತಿಯರಿಗೆ ಅಂತಲೇ ಮುಂದೆ ಗುಂಡಿ ಇರುವ ನೈಟಿ ನೇತು ಹಾಕಿದ್ದರು. ಒಳ್ಳೆಯ ಹತ್ತಿ. ಕೈ ಹಾಕಿದೆ. ಹಾಲೂಡಿಸುವವರಿಗೆ ಅಲ್ಲವಾ ಅದು. ಕೈ ಹಿಂದಕ್ಕೆ ತಗೊಂಡೆ.

ಸಾಯಂಕಾಲ ನಾಲ್ಕು ಬಾಳೆಹಣ್ಣು ತಿಂದು ಬಸ್ಸಿಗೆ ಬಂದೆ. ಯಶೋದ ಬಾಗಿಲಲ್ಲೇ ನಿಂತು, "ಯಾನ ತಂದ್ರಿ?" ಅಂದಳು. ಸಿಪ್ಪೆಯನ್ನೂ ತರಲಿಲ್ಲ ಅಂದೆ. ಅವಳು ಒಂದು ಮಾತು ಹೇಳಿದಳು, ಅದಕ್ಕೇ ಈ ಕಾಗದ. "ನಿಮ್ಗೇನ್ ಗೊತ್ತಾದ್ದು, ಎತ್ತೋರ್ನ ಕೇಳಿ" ಅಂದಳು. ಅವಳು ಹೆತ್ತಿಲ್ಲ, ನಮಗೆ ಮಕ್ಕಳಿಲ್ಲ, ನಿನಗೆ ಗೊತ್ತು. ಅವಳು ಅದನ್ನು ನಗುತ್ತಲೇ ಹೇಳಿದಳು.

ಅಕ್ಕ, ನಿನ್ನ ಮಗ ಮಹದೇವಪ್ರಸಾದ ಹುಟ್ಟಿದಾಗ ನಿನಗೆ ಏನು ಬೇಕಿತ್ತು? ಯಾರು ಏನು ತಂದರು ಅಂತಲ್ಲ. ನಿನಗೆ ಏನು ಬೇಕು ಅನ್ನಿಸುತ್ತಿತ್ತು?

ಬಿಳಿಗಿರಿ


ಗೋಪಿನಾಥಂ
12 ಆಗಸ್ಟ್ 2025

ತಮ್ಮ,

ಯಾರೂ ಕೇಳದೇ ಇದ್ದದ್ದನ್ನು ಕೇಳಿದೆ. ಇಪ್ಪತ್ತೊಂದು ವರ್ಷದ ಹಿಂದಿನ ಮಾತು, ನೆನಪು ಮಾಡಿಕೊಳ್ಳೋಕೆ ಸಮಯ ಬೇಕಾಯಿತು.

ಪ್ರಸಾದ ಈ ಮನೆಯಲ್ಲೇ ಹುಟ್ಟಿದ. ಆಗ ಬಸ್ಸು ಈಗಿನಷ್ಟೂ ಇರಲಿಲ್ಲ. ಮೂರನೇ ದಿನ ಅವ್ವ ಬಂದಳು, ಪಾಲಾರಿನಲ್ಲಿ ಬಸ್ಸಿಳಿದು ಯಾರದೋ ಎತ್ತಿನ ಗಾಡಿಯಲ್ಲಿ. ಮನೆ ತುಂಬ ಜನ. ಎಲ್ಲರೂ ಕೂಸಿನ ಸುತ್ತ. ಅವ್ವ ಕಾಲು ತೊಳೆದು ಒಳಗೆ ಬಂದವಳು ಕೂಸಿನ ಕಡೆ ತಿರುಗಿಯೂ ನೋಡಲಿಲ್ಲ. ನೇರ ನನ್ನ ಹತ್ತಿರ ಬಂದು, ಕೆನ್ನೆ ಹಿಡಿದು, "ನೀ ಯಂಗಿದ್ದೀಯವ್ವ" ಅಂದಳು. ಆಮೇಲೆ ತನ್ನ ಹಳೇ ಸೀರೆಯ ಒಂದು ತುಂಡನ್ನು ನನ್ನ ಕಿವಿ ಮುಚ್ಚುವ ಹಾಗೆ ತಲೆಗೆ ಸುತ್ತಿ ಕಟ್ಟಿದಳು. ಬಾಣಂತಿ ತಲೆಗೆ ಗಾಳಿ ಹೊಗಬಾರದು ಅಂತ ಎಲ್ಲರೂ ಕಟ್ಟುತ್ತಾರೆ, ಅದರಲ್ಲೇನೂ ವಿಶೇಷ ಇಲ್ಲ. ಆದರೆ ಆ ಬಟ್ಟೆ ಕಿವಿ ಮೇಲೆ ಕೂತ ಕೂಡಲೇ ಮನೆಯ ಗಲಾಟೆಯೆಲ್ಲ ದೂರ ಹೋಯಿತು. ಅವ್ವನ ಸೀಗೇಪುಡಿ ವಾಸನೆ ಮಾತ್ರ ಉಳಿಯಿತು. ನಾನು ಗಳಗಳ ಅಳೋಕೆ ಶುರು ಮಾಡಿದೆ. ನನಗೆ ಬೇಕಾಗಿದ್ದದ್ದು ಅದು ಅಂತ ಸಿಕ್ಕ ಮೇಲೆ ಗೊತ್ತಾಯಿತು.

ಇಷ್ಟು ಬರೆದು ಪೆನ್ನು ಕೆಳಗಿಟ್ಟವಳು ಎರಡು ದಿನ ಬಿಟ್ಟು ಮತ್ತೆ ಹಿಡಿದಿದ್ದೇನೆ.

ಹೋದ ಸಲ ಕುಸುಮನ ತಲೆಗೆ ಯಾರು ಬಟ್ಟೆ ಕಟ್ಟಿದರು ಬಿಳಿಗಿರಿ? ಯಾರೂ ಕಟ್ಟಲಿಲ್ಲ. ಕೂಸೇ ಇಲ್ಲ, ಇನ್ನೇನು ಬಾಣಂತನ ಅಂತ ಅವಳ ಅತ್ತೆ ಅಂದರು, ನಾನೂ ಹೌದು ಅಂದೆ. ಮೆಣಸಿನ ಸಾರಿಲ್ಲ, ಎಣ್ಣೆ ನೀರಿಲ್ಲ. ಇಪ್ಪತ್ತು ದಿನಕ್ಕೆ ಅವಳು ಜೋಳದ ಹೊಲದಲ್ಲಿ ಕಳೆ ಕೀಳುತ್ತಿದ್ದಳಂತೆ. ಬಾಣಂತಿಗೆ ವಿಶ್ರಾಂತಿ ಕೊಡಿ ಅಂತ ಮನೆಮನೆಗೆ ಹೋಗಿ ಭಾಷಣ ಮಾಡುವ ನಾನು, ನಾಲ್ಕನೇ ದಿನ ಮೀಟಿಂಗ್ ಇದೆ ಅಂತ ಬಸ್ಸು ಹತ್ತಿದೆ. ಅವಳೂ ಹೊತ್ತಿದ್ದಳು, ಅವಳೂ ನೋವು ತಿಂದಳು, ಅವಳೂ ಹೆತ್ತಳು. ಅವಳೂ ಬಾಣಂತಿಯೇ ಅಂತ ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಇನ್ನೊಂದು. ವರಾಂಡದಲ್ಲಿ ನಾನು ನಿನಗೆ ಅಂದದ್ದು ತಪ್ಪು. ತಿಂಗಳು ತುಂಬದ ಕೂಸಿಗೆ ಉಸಿರಾಟ ಕಷ್ಟ ಅಂತ ನನಗೆ ಟ್ರೈನಿಂಗಿನಲ್ಲಿ ಹೇಳಿಕೊಟ್ಟಿದ್ದಾರೆ, ನಾನೇ ಹತ್ತು ಜನಕ್ಕೆ ಹೇಳಿದ್ದೇನೆ. ಗೊತ್ತಿದ್ದೂ ಅಂದೆ. ಆ ಹೊತ್ತಿಗೆ ಯಾರ ಮೇಲಾದರೂ ಹಾಕಬೇಕಿತ್ತು, ನೀನು ಚೀಲ ಹಿಡಿದುಕೊಂಡು ಎದುರಿಗೆ ನಿಂತಿದ್ದೆ. ಮನಸ್ಸಿಗೆ ಹಚ್ಚಿಕೊಳ್ಳಬೇಡ ಅಂತ ಹೇಳುವ ಮುಖ ನನಗಿಲ್ಲ.

ಅವ್ವನ ಹತ್ತಿ ಸೀರೆ ಒಂದು ನನ್ನ ಹತ್ತಿರ ಇದೆ, ಬೂದಿ ಬಣ್ಣದ ಸಣ್ಣ ಚೌಕಳಿಯದು. ಇಷ್ಟು ವರ್ಷ ಯಾರಿಗೂ ಮುಟ್ಟಗೊಟ್ಟಿಲ್ಲ. ರಂಗರಾಜು ಕೈಲಿ ಕಳಿಸುತ್ತೇನೆ. ಕತ್ತರಿ ಹಾಕು. ನಾನೇ ಹೇಳುತ್ತಿದ್ದೇನೆ, ಹಾಕು. ಕುಸುಮಂಗೆ ತಲೆಗೆ ಕಟ್ಟೋಕೆ ಹೊಲಿ. ಹೆರಿಗೆ ಆಗುವವರೆಗೆ ಕಾಯಬೇಕಾಗಿಲ್ಲ. ಇದು ಕೂಸಿಗಲ್ಲ, ತಾಯಿಗೆ. ಅವಳು ಮೂರು ವರ್ಷದ ಹಿಂದೆಯೇ ತಾಯಿಯಾದವಳು.

ಅಕ್ಕ


ಯಳಂದೂರು
5 ಸೆಪ್ಟೆಂಬರ್ 2025

ಅಕ್ಕ,

ಸೀರೆ ತಲುಪಿತು, ಆದರೆ ನೇರ ದಾರಿಯಲ್ಲಿ ಅಲ್ಲ. ರಂಗರಾಜು ಡ್ರೈವರ್ ಸೀಟಿನ ಹಿಂದೆ ಇಟ್ಟು ಮರೆತುಬಿಟ್ಟಿದ್ದಾನೆ. ಅದು ಗೋಪಿನಾಥಂಗೂ ಕೊಳ್ಳೇಗಾಲಕ್ಕೂ ಮೂರು ಸಲ ಹೋಗಿ ಬಂದು, ಆಮೇಲೆ ಹನೂರಿನ ಬಸ್‌ಸ್ಟ್ಯಾಂಡಿನ ಹೂವಿನವಳ ಹತ್ತಿರ ಒಂದು ವಾರ ಕೂತಿತ್ತು. ನಾನೇ ಹೋಗಿ ತಂದೆ. ಬದುಕಿದ್ದಾಗ ಅವ್ವ ಇಷ್ಟು ಓಡಾಡಿರಲಿಲ್ಲ.

ಕತ್ತರಿ ಹಾಕೋಕೆ ನಾಲ್ಕು ದಿನ ಬೇಕಾಯಿತು. ಹರವುವುದು, ನೋಡುವುದು, ಮಡಿಚಿಡುವುದು. ಐದನೇ ದಿನ ಯಶೋದ ಬಂದು ಒಂದು ತುದಿ ಹಿಡಿದುಕೊಂಡಳು, ಆಗ ಹಾಕಿದೆ. ಮೂರು ತಲೆಬಟ್ಟೆ ಮಾಡಿದ್ದೇನೆ. ಒಂದು ಒಗೆದರೆ ಒಂದು, ಅದೂ ಒಣಗದಿದ್ದರೆ ಇನ್ನೊಂದು. ಅಂಚನ್ನು ಮಿಷನ್ನಿಗೆ ಕೊಡಲಿಲ್ಲ, ಕೈಯಲ್ಲೇ ಹೊಲಿದೆ. ಮಿಷನ್ ಹೊಲಿಗೆ ಮಲಗಿದಾಗ ಕಿವಿ ಹಿಂದೆ ಒತ್ತುತ್ತದೆ.

ನೀನು ಬರೆದದ್ದನ್ನು ಓದಿದೆ. ಇನ್ನು ಆ ಮಾತು ಬೇಡ ಅಕ್ಕ. ನೀನು ಮನಸ್ಸು ಬಿಚ್ಚಿದ ಮೇಲೆ ನಾನೂ ಮುಚ್ಚಿಟ್ಟುಕೊಂಡಿರೋಕೆ ಆಗುತ್ತಿಲ್ಲ. ಒಂದು ಸಂಗತಿ ಇದೆ, ಯಶೋದಂಗೂ ಹೇಳಿಲ್ಲ.

ನಾನು ಹೊಲಿದದ್ದು ಏಳು ಅಂಗಿ. ನನ್ನ ಹತ್ತಿರ ಇರುವುದು ಆರು.

ಆವತ್ತು ನೀನು ಬೈದು ಒಳಗೆ ಹೋದ ಮೇಲೆ, ದೇವರಾಜು ಭಾವ ಆಟೋ ಕರೆಯೋಕೆ ಹೋಗಿದ್ದರು. ನರ್ಸಮ್ಮ ಕೂಸನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ತಂದು ನನ್ನ ಕೈಗೆ ಕೊಟ್ಟರು. ನಾನು ಹೊರಗೆ ಬಂದು ಹೊಂಗೆಮರದ ಕಟ್ಟೆ ಮೇಲೆ ಕೂತೆ. ಶ್ರಾವಣದ ಸೋಮವಾರ ಅದು. ಚೀಲದಿಂದ ಸೋಮವಾರದ ಅಂಗಿ ತೆಗೆದೆ, ಅರಿಶಿನ ಬಣ್ಣದ ಅಂಚಿನದು. ಬಟ್ಟೆ ಬಿಡಿಸಿ ಅವನಿಗೆ ಹಾಕಿದೆ. ತಿಂಗಳು ತುಂಬಿದ ಕೂಸಿನ ಅಳತೆಗೆ ಹೊಲಿದಿದ್ದೆ, ತೋಳು ಎರಡು ಬೆರಳು ಉದ್ದ ಬಂತು. ಮಡಿಚಿದೆ. ಮಡಿಚಿ ಮತ್ತೆ ಆ ಬಿಳಿ ಬಟ್ಟೆ ಸುತ್ತಿದೆ. ಶಾಗ್ಯದ ಹೊಲದ ಬದುವಿನಲ್ಲಿ ಮಣ್ಣು ಮಾಡುವಾಗ ಯಾರೂ ಬಿಚ್ಚಿ ನೋಡಲಿಲ್ಲ.

ನಿನ್ನ ಕೈಲಿ ಬೈಸಿಕೊಂಡ ಮೇಲೂ ಹಾಕಿದೆ. ಮಾಡಬಾರದ್ದು ಮಾಡಿದೆನೋ ಏನೋ, ಆಗ ಹಾಗೆ ಅನ್ನಿಸಲಿಲ್ಲ. ಬರಿಮೈಲಿ ಕಳಿಸೋಕೆ ಮನಸ್ಸು ಒಪ್ಪಲಿಲ್ಲ. ಕುಸುಮನ ಮುಖ ನೋಡಿದರೆ ಇದು ಬಾಯಿಗೆ ಬಂದುಬಿಡುತ್ತದೆ ಅಂತಲೇ ಮೂರು ವರ್ಷದಿಂದ ಗೌರಿ ಹಬ್ಬದ ಬಾಗಿನವನ್ನು ಭಾವನ ಕೈಲಿ ಕಳಿಸಿ ತಪ್ಪಿಸಿಕೊಂಡಿದ್ದೇನೆ. ಮೊನ್ನೆ ಹಬ್ಬಕ್ಕೂ ಹಾಗೇ ಮಾಡಿದೆ. ಅವಳಿಗೆ ಹೇಳಬೇಕಾ, ಬೇಡವಾ? ಹೇಳಿದರೆ ಮತ್ತೆ ನನ್ನ ಮುಖ ನೋಡುತ್ತಾಳಾ?

ಬಿಳಿಗಿರಿ


ಗೋಪಿನಾಥಂ
15 ಸೆಪ್ಟೆಂಬರ್ 2025

ತಮ್ಮ,

ಮಕ್ಕಳು ಊಟ ಮಾಡಿ ಮಲಗಿದ್ದವು. ಅಂಗನವಾಡಿ ಬಾಗಿಲಲ್ಲಿ ಕೂತು ಓದಿದೆ. ಒಂದು ಹುಡುಗಿ ಎದ್ದು ಬಂದು, "ಯಾಕ್ ಅಳ್ತಿದ್ದೀರಾ ಮಿಸ್ಸು" ಅಂತ ಕೇಳಿತು. ಕಣ್ಣಿಗೆ ಖಾರ ಬಿತ್ತು ಅಂದೆ.

ಹೇಳು. ಈಗಲ್ಲ. ಹೆರಿಗೆಗೆ ಮುಂಚೆ ಬೇಡ. ಅವಳಾಗಿ ಕೇಳಿದ ದಿನ ಮುಚ್ಚಿಡಬೇಡ, ಅಷ್ಟೇ. ಅವಳು ಏನನ್ನುತ್ತಾಳೋ ನನಗೂ ಗೊತ್ತಿಲ್ಲ. ನಾನು ಮಾತ್ರ ಆಗ ಪಕ್ಕದಲ್ಲಿರುತ್ತೇನೆ. ಈ ಸಲ ಒಂದು ತಿಂಗಳು ರಜೆ ಹಾಕಿದ್ದೇನೆ. ಬಾಣಂತನ ನಾನೇ ಮಾಡುವುದು, ಕೂಸು ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಚಿಕ್ಕನಿಂಗಮ್ಮಂಗೂ ಹೇಳಿ ಕಳಿಸಿದ್ದೇನೆ.

ಅಕ್ಕ


ಕೊಳ್ಳೇಗಾಲ
28 ಸೆಪ್ಟೆಂಬರ್ 2025

ಕುಸುಮ,

ನಿನ್ನನ್ನು ನಾಲ್ಕು ದಿನ ಮುಂಚೆಯೇ ಅಡ್ಮಿಟ್ ಮಾಡಿಕೊಂಡಿದ್ದಾರೆ, ಭಯ ಏನಿಲ್ಲ, ಹುಷಾರಿಗೆ ಅಂತ ಭಾವ ಹೇಳಿದರು. ಈ ಚೀಲವನ್ನು ಅವರ ಕೈಲಿ ಕಳಿಸುತ್ತಿದ್ದೇನೆ. ನಾನು ಆಮೇಲೆ ಬರುತ್ತೇನೆ. ದಸರಾ ಬಟ್ಟೆ ಹೊಲಿಯೋದು ಬಹಳ ಇದೆ.

ಇದರಲ್ಲಿರುವುದು ಕೂಸಿಗಲ್ಲ, ಹೆದರಬೇಡ. ನಿನಗೆ. ಅವ್ವನ ಚೌಕಳಿ ಸೀರೆ ನೆನಪಿದೆಯಲ್ಲ, ಅದರಲ್ಲಿ ತಲೆಗೆ ಕಟ್ಟುವ ಬಟ್ಟೆ ಮೂರು. ಹೋದ ಸಲ ನಿನಗೆ ಇದನ್ನು ಯಾರೂ ಕಟ್ಟಲಿಲ್ಲ. ಕಟ್ಟಬೇಕಾಗಿತ್ತು. ನಮ್ಮೆಲ್ಲರದ್ದೂ ತಪ್ಪು.

ಒಗೆದಿಟ್ಟಿದ್ದೇನೆ. ಆದರೂ ಮೂಗಿನ ಹತ್ತಿರ ಹಿಡಿದರೆ ಸ್ವಲ್ಪ ಅವ್ವ ಇದ್ದಾಳೆ.

ನಿನ್ನ ಅಣ್ಣ,
ಬಿಳಿಗಿರಿ


ಕೊಳ್ಳೇಗಾಲ, ಆಸ್ಪತ್ರೆ
6 ಅಕ್ಟೋಬರ್ 2025

ಅಣ್ಣ,

ದಸರಾ ಮುಗಿದು ನಾಲ್ಕು ದಿನ ಆಯಿತು, ನಿನ್ನ ದಸರಾ ಬಟ್ಟೆ ಮಾತ್ರ ಮುಗಿದಿಲ್ಲ. ಫೋನಿನಲ್ಲಿ ಹೇಳಿದರೆ ಹೂಂ ಹೂಂ ಅಂದು ಕಟ್ ಮಾಡುತ್ತೀಯ, ಅದಕ್ಕೆ ತಾಯಿ ಕಾರ್ಡಿನ ಕವರಿನ ಮೇಲೆ ಬರೆಯುತ್ತಿದ್ದೇನೆ.

ಶನಿವಾರ ಬೆಳಗ್ಗೆ ಹತ್ತೂಕಾಲಿಗೆ ಹೆಣ್ಣು. ಎರಡು ಮುಕ್ಕಾಲು ಕೆಜಿ. ಅಳೋಕೆ ಶುರು ಮಾಡಿದರೆ ಹನೂರಿಗೂ ಕೇಳಿಸಬೇಕು. ಡಾಕ್ಟರು ಎಲ್ಲ ಚೆನ್ನಾಗಿದೆ ಅಂದರು, ಹಿಂದಿನದು ಗೊತ್ತಿರುವುದರಿಂದ ಇನ್ನೂ ಐದಾರು ದಿನ ಇಲ್ಲೇ ಇರಿ ಅಂದಿದ್ದಾರೆ.

ಅಕ್ಕ ಬಂದು ವಾರ್ಡನ್ನೇ ಅಂಗನವಾಡಿ ಮಾಡಿಕೊಂಡಿದ್ದಾಳೆ. ನೋಡೋಕೆ ಬಂದವರನ್ನೆಲ್ಲ ಕೈ ತೊಳೆಸಿ ಸಾಲಾಗಿ ನಿಲ್ಲಿಸುತ್ತಾಳೆ. ಆದರೆ ಮೊದಲ ಸಲ ಒಳಗೆ ಬಂದಾಗ ಕೂಸನ್ನು ನೋಡಲೇ ಇಲ್ಲ ಅಣ್ಣ. ನನ್ನ ಹತ್ತಿರ ಬಂದು, ಕೆನ್ನೆ ಹಿಡಿದು, "ನೀ ಯಂಗಿದ್ದೀಯವ್ವ" ಅಂದಳು. ಆಮೇಲೆ ನೀನು ಹೊಲಿದ ಬಟ್ಟೆ ಕಟ್ಟಿದಳು. ನಾನು ಅತ್ತುಬಿಟ್ಟೆ, ಅವಳೂ ಅತ್ತಳು. ಪಕ್ಕದ ಮಂಚದ ರಾಣಿ, ಪಾಪ ತಮಿಳಿನವಳು, ಏನೋ ಕೆಟ್ಟದ್ದಾಯಿತು ಅಂತ ನರ್ಸನ್ನು ಕೂಗಿಬಿಟ್ಟಳು. ಅವಳ ಕಡೆಯವರು ಮೂರು ಬ್ರೆಡ್ಡು ತಂದಿದ್ದಾರೆ, ತಲೆಗೆ ಒಂದು ಬಟ್ಟೆ ತಂದಿಲ್ಲ. ನೀನು ಹೊಲಿದ ಮೂರರಲ್ಲಿ ಒಂದು ಅವಳಿಗೆ ಕೊಟ್ಟೆ. ಬೇಜಾರು ಮಾಡಿಕೊಳ್ಳಬೇಡ.

ಈಗ ಒಂದು ಮಾತು. ನೀನು ಆಗ ಹೊಲಿದಿದ್ದ ಅಂಗಿಗಳನ್ನು ಇಟ್ಟಿದ್ದೀಯಾ? ಬಿಸಾಕಿರಲ್ಲ, ಚೂರು ಬಟ್ಟೆಯನ್ನೂ ಬಿಸಾಕುವವನಲ್ಲ ನೀನು. ಹುಟ್ಟಿದ ಕೂಸಿಗೆ ಹೊಸದು ಹಾಕಬಾರದು, ಹಳೇದು ಹಾಕಬೇಕು ಅನ್ನುತ್ತಾರಲ್ಲ. ಮೂರು ವರ್ಷ ಆಯಿತು, ಈಗ ಅವು ಹಳೇ ಬಟ್ಟೆ. ಅತ್ತೆಗೆ ಹೇಳಿದೆ. "ಬ್ಯಾಡ ಕನವ್ವ" ಅಂದರು. ಅಕ್ಕ ಅವರನ್ನು ಹೊರಗೆ ಕರೆದುಕೊಂಡು ಹೋಗಿ ಅದೇನು ಹೇಳಿದಳೋ, ಬಂದವರು "ನಿನ್ ಇಷ್ಟ" ಅಂದರು. ನನ್ನ ಇಷ್ಟ ಇದು. ಎಲ್ಲಾ ಏಳೂ ಕಳಿಸು. ಯಾವ ದಿನಕ್ಕೆ ಯಾವ ಬಣ್ಣ ಅಂತ ನನಗೆ ಇನ್ನೂ ಬಾಯಿಗೆ ಬರುತ್ತದೆ.

ನಿನ್ನೆ ಸಾಯಂಕಾಲ ಕಿಟಕಿಯಿಂದ ನೋಡಿದೆ. ನೀನು ಹೊಂಗೆಮರದ ಕೆಳಗೆ ನಿಂತಿದ್ದೆ. ಮೇಲೆ ಬರುತ್ತೀಯ ಅಂತ ನಾನು ತಲೆ ಬಾಚಿಕೊಂಡು ಕೂತಿದ್ದೆ. ಬರಲಿಲ್ಲ.

ಕುಸುಮ


ಯಳಂದೂರು
7 ಅಕ್ಟೋಬರ್ 2025

ಕುಸುಮ,

ಭಾವನ ಕೈಲಿ ಆರು ಅಂಗಿ ಕಳಿಸುತ್ತಿದ್ದೇನೆ. ರಾತ್ರಿಯೇ ಒಗೆದು ಒಣಹಾಕಿ, ಬೆಳಗ್ಗೆ ಯಶೋದ ಇಸ್ತ್ರಿ ಮಾಡಿಕೊಟ್ಟಳು.

ಸೋಮವಾರದ್ದು ಇಲ್ಲ. ಅದನ್ನು ಆವತ್ತು ನಿನ್ನ ಮಗನಿಗೆ ಹಾಕಿದೆ. ನೀನು ಜ್ವರದಲ್ಲಿ ಮಲಗಿದ್ದೆ, ಯಾರನ್ನೂ ಕೇಳಲಿಲ್ಲ, ನಾನೇ ಹಾಕಿದೆ. ತೋಳು ಉದ್ದ ಬಂತು, ಮಡಿಚಿದೆ. ಲಾಡಿಯನ್ನು ಬಿಗಿ ಕಟ್ಟಲಿಲ್ಲ, ಎಳೆದರೆ ಬಿಚ್ಚಿಕೊಳ್ಳುವ ಹಾಗೆ ಕಟ್ಟಿದೆ. ನಿನ್ನ ಬಲಗಿವಿ ಹಿಂದೆ ಇರುವ ಮಚ್ಚೆ ಅವನಿಗೂ ಅದೇ ಜಾಗದಲ್ಲಿತ್ತು. ತಲೆಯಲ್ಲಿ ಕೂದಲು ಬಹಳ. ನಿದ್ದೆ ಮಾಡುತ್ತಿರುವ ಹಾಗೇ ಇದ್ದ.

ಇಷ್ಟು ದಿನ ಹೇಳಲಿಲ್ಲ. ಹೇಳಿದರೆ ನೀನು ಏನನ್ನುತ್ತೀಯೋ ಅಂತ ಹೆದರಿಕೊಂಡು ಮರದ ಕೆಳಗೆ ನಿಂತು ನಿಂತು ವಾಪಸು ಬರುತ್ತಿದ್ದೆ. ನೀನು ಏನು ಅಂದರೂ ಸರಿ.

ನಿನ್ನ ಅಣ್ಣ,
ಬಿಳಿಗಿರಿ


ಕೊಳ್ಳೇಗಾಲ, ಆಸ್ಪತ್ರೆ
8 ಅಕ್ಟೋಬರ್ 2025

ಅಣ್ಣ,

ನಿನ್ನ ಕಾಗದವನ್ನು ಅಕ್ಕನ ಕೈಲಿ ಓದಿಸಿದೆ. ಆಮೇಲೆ ನಾನೇ ಓದಿದೆ. ಆಮೇಲೆ ಇವರಿಗೆ ಕೊಟ್ಟೆ. ಇವರು ವರಾಂಡಕ್ಕೆ ಹೋಗಿ ಬಹಳ ಹೊತ್ತು ಬರಲಿಲ್ಲ.

ಮೂರು ವರ್ಷ ನನಗೆ ಒಂದೇ ಯೋಚನೆ. ಮಳೆ ಬಂದರೆ ಸಾಕು, ಹೊಲದ ಕಡೆ ನೋಡುತ್ತಾ ನಿಂತುಬಿಡುತ್ತಿದ್ದೆ. ಬರಿಮೈಲಿ ಮಲಗಿಸಿಬಿಟ್ಟರಾ ಅಂತ. ಯಾರನ್ನು ಕೇಳಲಿ? ಇವರನ್ನು ಕೇಳಿದರೆ ಇವರು ಊಟ ಬಿಡುತ್ತಾರೆ. ಅತ್ತೆಯನ್ನು ಕೇಳಿದರೆ ಇನ್ನೂ ಅದನ್ನೇ ಹಿಡ್ಕೊಂಡಿದ್ದೀಯಾ ಅನ್ನುತ್ತಾರೆ. ನಿನ್ನನ್ನು ಕೇಳೋಣ ಅಂದರೆ ನೀನು ಬರಲೇ ಇಲ್ಲ. ಅವನ ಮುಖ ನಾನು ಒಂದೇ ಸಲ, ದೂರದಿಂದ ನೋಡಿದ್ದು. ಮಚ್ಚೆ ಇತ್ತು ಅಂತ ನಿನ್ನೆವರೆಗೆ ಗೊತ್ತಿರಲಿಲ್ಲ. ಈಗ ಕಣ್ಣು ಮುಚ್ಚಿದರೆ ಅರಿಶಿನದಂಚಿನ ಅಂಗಿ ಹಾಕಿಕೊಂಡು ಮಲಗಿರುತ್ತಾನೆ. ರಾತ್ರಿ ಚೆನ್ನಾಗಿ ನಿದ್ದೆ ಬಂತು ಅಣ್ಣ.

ನನಗೆ ಏನು ತರಬೇಕು ಅಂತ ನಾಲ್ಕು ತಿಂಗಳು ಒದ್ದಾಡಿದೆಯಂತೆ. ಚಪ್ಪಲಿ ಅಂಗಡಿ ಕಥೆ ಹೇಳಿ ಅಕ್ಕ ನಗಿಸಿದಳು. ನಗಬಾರದು, ಹೊಲಿಗೆ ನೋಯುತ್ತದೆ. ನನ್ನ ಕಾಲು ಆರನೇ ನಂಬರು, ಬರೆದಿಟ್ಟುಕೊ. ಆದರೆ ನನಗೆ ಬೇಕಾಗಿದ್ದದ್ದನ್ನು ನೀನು ಮೂರು ವರ್ಷದ ಹಿಂದೆಯೇ ಕೊಟ್ಟುಬಿಟ್ಟಿದ್ದೆ. ನನ್ನ ಕೈಗೆ ತಲುಪಿದ್ದು ನಿನ್ನೆ.

ಇವತ್ತು ಬುಧವಾರ. ಹಸಿರಂಚಿಂದು ಹಾಕಿದ್ದೇನೆ. ಇವಳಿಗೂ ತೋಳು ಉದ್ದ ಬಂತು. ನಾನೂ ಮಡಿಚಿದೆ.

ನಾಲ್ಕರಿಂದ ಆರರವರೆಗೆ ಒಳಗೆ ಬಿಡುತ್ತಾರೆ. ಮರದ ಕೆಳಗೆ ನಿಲ್ಲಬೇಡ, ಮೇಲೆ ಬಾ. ಬ್ರೆಡ್ಡು ಬೇಡ, ಕಿತ್ತಳೆ ಬೇಡ, ಏನೂ ಬೇಡ. ಬರಿಗೈಲಿ ಬಾ. ಇವಳನ್ನು ಎತ್ತಿಕೊಳ್ಳೋಕೆ ಎರಡು ಕೈಯೂ ಬೇಕು.

ನಿನ್ನ ತಂಗಿ,
ಕುಸುಮ